ಒಂದು ಬ್ಯಾಟ್ರಿ, ಓಣಿ ತುಂಬ ಸಲಹೆ

ಮಸ್ಕಿಯಲ್ಲಿ ಕ್ರಿಕೆಟ್ಟು, ರಾಜಕೀಯ ಬಿಟ್ಟರೆ ಎಲ್ಲರೂ ಅಧಿಕಾರದಿಂದ ಮಾತಾಡುವ ಮೂರನೇ ವಿಷಯ ಬ್ಯಾಟರಿ. ಮನೆಗೊಂದು ಇನ್ವರ್ಟರ್, ಹೊಲಕ್ಕೊಂದು ಟ್ರ್ಯಾಕ್ಟರ್, ಬಾಗಿಲಿಗೊಂದು ಬೈಕು ಇರುವ ಕಾಲ. ಬ್ಯಾಟರಿಯಿಂದ ಕೈ ಸುಟ್ಟುಕೊಳ್ಳದ ಮನುಷ್ಯ ಸಿಗುವುದು ಕಷ್ಟ. ಪಕ್ಕದ ಮನೆಯ ಹುಡುಗ ಹಿತ್ತಲಲ್ಲಿ ಚೌಕ ಪೈಪು ಬೆಸೆದು ಕಾರು ಕಟ್ಟಲು ಶುರುಮಾಡಿದಾಗ ಓಣಿ ಸುಮ್ಮನೆ ನೋಡುತ್ತಿತ್ತು. ಸ್ಟೇರಿಂಗು ಎಲ್ಲಿ, ಸಸ್ಪೆನ್ಷನ್ನು ಹೇಗೆ ಎಂದು ಯಾರೂ ಬಾಯಿ ಹಾಕಲಿಲ್ಲ. "ಇನ್ನೊಂದು ಸಣ್ಣ ಬ್ಯಾಟ್ರಿ ಆದ್ರ ಮುಗೀತು ಕಾಕಾ" ಎಂದು ಅವನು ಗೋಡೆಯಾಚೆಯಿಂದ ನನಗೆ ಹೇಳಿದ್ದೇ ತಡ, ಇಡೀ ಓಣಿಗೆ ಕಿವಿ ಬಂತು.

ಹುಡುಗನ ಹೆಸರು ಬೇಡ. ಗುಡ್ಡದ ಮೇಲೆ ಮಲ್ಲಿಕಾರ್ಜುನ ಕೂತಿರುವ ಊರಿದು. ಸಂತೆಯಲ್ಲಿ "ಮಲ್ಲೂ" ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅವರಲ್ಲೊಬ್ಬ ಅಂದುಕೊಳ್ಳಿ. ಹುಬ್ಬಳ್ಳಿ ಕಡೆ ಎಂಜಿನಿಯರಿಂಗ್ ಓದುವಾಗ ಬಾಹಾ ಎಂಬ ಸ್ಪರ್ಧೆಯ ಹುಚ್ಚು ಹಿಡಿಸಿಕೊಂಡು ಬಂದವನು. ಮಧ್ಯಪ್ರದೇಶದ ಪೀಥಂಪುರದಲ್ಲಿ 2007ರಲ್ಲಿ ಶುರುವಾದ ಸ್ಪರ್ಧೆ ಅದು. ವಿದ್ಯಾರ್ಥಿಗಳೇ ಪೈಪು ಬೆಸೆದು ಕಲ್ಲು ಕೆಸರಿನಲ್ಲಿ ಓಡುವ ಒಂಟಿ ಸೀಟಿನ ಗಾಡಿ ಕಟ್ಟಬೇಕು. ಎಂಜಿನ್ ಮಾತ್ರ ಅವನ ಕಾಲದಲ್ಲಿ ಎಲ್ಲ ತಂಡಕ್ಕೂ ಒಂದೇ: 305 ಸಿಸಿಯ 10 ಎಚ್‌ಪಿ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್. ಅದಕ್ಕೆ ಸೆಲ್ಫ್ ಇರಲಿಲ್ಲ, ಹಗ್ಗ ಜಗ್ಗಿದರೆ ಎದ್ದೇಳುತ್ತಿತ್ತು. ಬ್ಯಾಟರಿ ಬೇಕಾದದ್ದು ಬ್ರೇಕ್ ದೀಪದಂಥ ಸಣ್ಣಪುಟ್ಟ ಕೆಲಸಕ್ಕೆ. ಅಲ್ಲಿಂದ ಬಂದ ಹುಡುಗನಿಗೆ ಬ್ಯಾಟರಿ ಅಂದರೆ ಹೊರಬೇಕಾದ ಭಾರ ಎಂಬ ಭಾವನೆ ತಲೆಯಲ್ಲಿ ಕೂತುಬಿಟ್ಟಿತ್ತು.

ಈ ಕಾರಿಗೆ ಅವನು ಗುಜರಿಯಿಂದ ತಂದದ್ದು ಮಾರುತಿ 800ರ ಎಂಜಿನ್. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರಿನ ಹಳೇ ಕಾಲದ್ದು. 1983ರಿಂದ 2014ರವರೆಗೆ ಆ ಕಾರು ಬಂದದ್ದರಿಂದ ಬಿಡಿಭಾಗಕ್ಕೆ ಬರವಿಲ್ಲ. ಸಿಂಧನೂರಿನಲ್ಲಿ ಸಿಗದಿದ್ದರೆ ಲಿಂಗಸುಗೂರಿನಲ್ಲಿ, ಅಲ್ಲೂ ಸಿಗದಿದ್ದರೆ ರಾಯಚೂರಿನಲ್ಲಿ ಯಾರದಾದರೂ ಶೆಡ್ಡಿನಲ್ಲಿ ಬಿದ್ದಿರುತ್ತದೆ. ಎಂಜಿನ್ ಜೊತೆ ಸ್ಟಾರ್ಟರ್ ಮೋಟಾರೂ ಬಂತು. ಬರದೆ ಉಳಿದದ್ದು ಬ್ಯಾಟರಿ. ಎಲ್ಲರ ಬಾಯಿಗೆ ಕೆಲಸ ಸಿಕ್ಕಿದ್ದು ಅಲ್ಲಿಂದ.

ಮೊದಲು ಬಾಯಿ ಬಿಟ್ಟವರು ಎದುರು ಮನೆಯ ಅಜ್ಜ. "ಬ್ಯಾಟ್ರಿ ಯಾಕಪಾ? ಹ್ಯಾಂಡಲ್ ಹಾಕು." ಅಜ್ಜನದು ಪಂಪ್‌ಸೆಟ್ಟಿನ ಕಾಲ. ಹೊಲದ ಬಾವಿಗೆ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ಇಟ್ಟಿದ್ದವರು. ಅದಕ್ಕೆ ಬ್ಯಾಟರಿಯೂ ಇಲ್ಲ, ವೈರೂ ಇಲ್ಲ. ಮೇಲಿನ ಸಣ್ಣ ಲಿವರ್ ಎತ್ತಿದರೆ ವಾಲ್ವ್ ತೆರೆದುಕೊಂಡು ಒಳಗಿನ ಒತ್ತಡ ಹೊರಟುಹೋಗುತ್ತದೆ. ಹ್ಯಾಂಡಲ್ ಹಾಕಿ ಆ ಭಾರಿ ಚಕ್ರವನ್ನು ಗರಗರ ತಿರುಗಿಸಿ, ಓಟ ಬಂದ ಮೇಲೆ ಲಿವರ್ ಬಿಟ್ಟರೆ "ಡುಗ್ ಡುಗ್" ಎಂದು ಹಿಡಿದುಕೊಳ್ಳುತ್ತದೆ. "ಬ್ಯಾಟ್ರಿ ಡೌನ್ ಅನ್ನೋ ಮಾತೇ ಇಲ್ಲ, ಮನಶಾ ಡೌನ್ ಆಗಬಾರದು ಅಷ್ಟ" ಎಂದರು ಅಜ್ಜ. ಹೇಳುವಾಗ ಬಲಗೈ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಹ್ಯಾಂಡಲ್ ತಿರುಗಿ ಹೊಡೆದು ಅದು ಮುರಿದ ಕಥೆ ಓಣಿಗೆಲ್ಲ ಗೊತ್ತು. ಯಾರೂ ಎತ್ತಲಿಲ್ಲ.

ಕಾರಿಗೆ ಸೆಲ್ಫ್ ಬಂದದ್ದೂ ಈ ಹೊಡೆತಗಳ ಕಾಟಕ್ಕೇ. ಅಮೆರಿಕದ ಡೇಟನ್‌ನ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ಅದನ್ನು ಮಾಡಿ ತೋರಿಸಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅಷ್ಟು ದೊಡ್ಡ ಎಂಜಿನ್ ತಿರುಗಿಸಬೇಕಾದರೆ ಅಷ್ಟೇ ದೊಡ್ಡ ಮೋಟಾರ್ ಬೇಕಲ್ಲ ಎಂಬುದು ಆಗಿನ ಅನುಮಾನ. ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಯ ಗಲ್ಲಾ ಯಂತ್ರಕ್ಕೆ ಮೋಟಾರ್ ಹಚ್ಚಿದವನು. ಗಲ್ಲಾ ತೆರೆಯುವ ಮೋಟಾರ್ ದಿನವಿಡೀ ದುಡಿಯಬೇಕಿಲ್ಲ, ಒಂದು ಕ್ಷಣ ಜೋರಾಗಿ ಎಳೆದರೆ ಸಾಕು ಎಂಬುದು ಅವನಿಗೆ ಗೊತ್ತಿತ್ತು. ಸ್ಟಾರ್ಟರಿನ ಗುಟ್ಟೂ ಅದೇ. ನಾಲ್ಕು ಸೆಕೆಂಡಿನ ಕೆಲಸ, ಆ ನಾಲ್ಕು ಸೆಕೆಂಡಿಗೆ ಮಾತ್ರ ಮೈಯೆಲ್ಲ ಬಲ.

ಸಣ್ಣ ಬ್ಯಾಟರಿಯ ಮಾತು ಕೇಳಿ ಟ್ರ್ಯಾಕ್ಟರ್ ಇಟ್ಟುಕೊಂಡ ನಮ್ಮ ಸೋದರಮಾವ ನಕ್ಕುಬಿಟ್ಟ. "ಸಣ್ಣದು ಗಿಣ್ಣದು ಬ್ಯಾಡ. ನಮ್ಮ ಟ್ರ್ಯಾಕ್ಟರಿಂದು ಹಾಕು, ಗುದ್ದಿದಂಗ ಎತ್ತತದ." ಟ್ರ್ಯಾಕ್ಟರಿನದು 80–90 ಆಂಪ್ ಅವರಿನ ಬ್ಯಾಟರಿ, ತೂಕ ಇಪ್ಪತ್ತು ಕಿಲೋ ಮೇಲೆ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನೇಳು–ಹದಿನೆಂಟು ಪಟ್ಟು ಅಮುಕಬೇಕು, ಅದಕ್ಕೆ ಆ ಬಲ ಬೇಕು. ಪೆಟ್ರೋಲಿನ ಈ ಪುಟ್ಟ ಎಂಜಿನ್ ಅಮುಕುವುದು ಅದರ ಅರ್ಧದಷ್ಟು. ಆ ಬ್ಯಾಟರಿ ಹಾಕಿದರೆ ಎಂಜಿನ್ನಿಗೆ ತೊಂದರೆ ಏನೂ ಇಲ್ಲ; ಸ್ಟಾರ್ಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಇಡಲು ಜಾಗ ಮಾತ್ರ ಇಲ್ಲ.

ಇನ್ವರ್ಟರ್ ಪಕ್ಷದ ವಾದ ಬೇರೆ. ಮೂರನೇ ಮನೆಯ ಅಕ್ಕ ಗೋಡೆಗೆ ಮೊಣಕೈ ಊರಿ, "ನಮ್ಮ ಇನ್ವರ್ಟರಿಂದು ಟ್ಯೂಬಲರ್ ರೀ, ರಾತ್ರಿಪೂರ್ತಿ ಎರಡು ಫ್ಯಾನ್ ಓಡಸ್ತದ. ಕಾರ್ ಯಾಕ ಓಡಸಂಗಿಲ್ಲ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಎರಡರ ಒಳಗೂ ಸೀಸ, ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಅದೇ ಸರಕು. ಪ್ಲೇಟಿನಲ್ಲಿದೆ ವ್ಯತ್ಯಾಸ. ಇನ್ವರ್ಟರಿನದಕ್ಕೆ ದಪ್ಪ ಪ್ಲೇಟು. ನಿಧಾನಕ್ಕೆ ಕೊಡುತ್ತದೆ, ಬಹಳ ಹೊತ್ತು ಕೊಡುತ್ತದೆ, ತಳ ಕಾಣುವವರೆಗೆ ಬರಿದಾದರೂ ತಡೆದುಕೊಳ್ಳುತ್ತದೆ. ಸೆಲ್ಫಿನ ಬ್ಯಾಟರಿಗೆ ತೆಳ್ಳಗಿನ ಪ್ಲೇಟು, ಸಂಖ್ಯೆ ಜಾಸ್ತಿ. ಕೊಟ್ಟರೆ ಒಮ್ಮೆಗೇ ನೂರಾರು ಆಂಪಿಯರ್ ಸುರಿಯುತ್ತದೆ, ಪೂರ್ತಿ ಖಾಲಿ ಮಾಡಿದರೆ ಕೆಲವೇ ಸಲಕ್ಕೆ ಸತ್ತುಹೋಗುತ್ತದೆ. ಕಾರಹುಣ್ಣಿಮೆಗೆ ಓಡುವ ಎತ್ತು ಬೇರೆ, ಗಳೆ ಹೊಡೆಯುವ ಎತ್ತು ಬೇರೆ ಎಂದೆ ಅಕ್ಕನಿಗೆ. ಅವರಿಗೆ ತಕ್ಷಣ ತಿಳಿಯಿತು.

ಹುಡುಗನ ಲೆಕ್ಕ ಇವರೆಲ್ಲರಿಗೂ ವಿರುದ್ಧ ದಿಕ್ಕಿನದು. ಇಟ್ಟಿಗೆ ಚೂರಿನಿಂದ ಗೋಡೆಯ ಮೇಲೆ ಬರೆದು ತೋರಿಸಿದ. ಈ ಸ್ಟಾರ್ಟರ್ ಒಂದು ಕಿಲೋವ್ಯಾಟ್ ಕೂಡ ಇಲ್ಲ. ತಿರುಗುವಾಗ 100 ಆಂಪಿಯರ್ ಎಳೆಯುತ್ತದೆ ಅನ್ನೋಣ, ಮೊದಲ ಗುದ್ದಿಗೆ ಇನ್ನಷ್ಟು. ಮೂರು ಸೆಕೆಂಡಿನಲ್ಲಿ ಎಂಜಿನ್ ಎದ್ದರೆ 100 ಗುಣಿಸು 3, ಭಾಗಿಸು 3600. ಬಂದದ್ದು 0.08 ಆಂಪ್ ಅವರ್. "ನೋಡು ಕಾಕಾ, ಬೈಕಿನ 9 ಆಂಪ್ ಅವರ್ ಬ್ಯಾಟ್ರಿಯಾಗ ನೂರು ಸಲ ಸೆಲ್ಫ್ ಹೊಡೀಬೌದು. ಮೂರು ಕಿಲೋ ತೂಕ. ಮಾರುತಿದು 35 ಆಂಪ್ ಅವರ್, ಹತ್ತು ಕಿಲೋ ಹತ್ರ. ಏಳು ಕಿಲೋ ಉಳೀತದ!"

ಅವನ ಪಕ್ಷಕ್ಕೆ ಬಂದವರು ಇಬ್ಬರು. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಮಾಮಾ ಒಬ್ಬರು. ಟೊಪ್ಪಿಗೆ ದೀಪದ ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಪಾಳಿ ಪಾಳಿ ಭೂಮಿಯೊಳಗೆ ಇಳಿದವರು. ಬ್ಯಾಟರಿಯ ತೂಕದ ಬಗ್ಗೆ ಮಾತಾಡುವ ಹಕ್ಕು ಊರಲ್ಲಿ ಅವರೊಬ್ಬರಿಗೇ ಇದೆ. ಇನ್ನೊಬ್ಬರು ಇತಿಹಾಸದ ಮಾಸ್ತರು. ಮಸ್ಕಿಯ ಮಾಸ್ತರು ಯಾವ ಮಾತಿಗೂ ಅಶೋಕನನ್ನು ತಾರದೆ ಬಿಡುವುದಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಇಲ್ಲಿಯ ಬಂಡೆಯ ಮೇಲೆ ಶಾಸನ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಅದರಿಂದ. ಅದನ್ನು ನಾವು ಮೂರನೇ ಇಯತ್ತೆಯಿಂದ ಕೇಳುತ್ತ ಬಂದಿದ್ದೇವೆ. ಮಾಸ್ತರು ಈ ಸಲ ಶಾಸನದ ಒಳಗೇ ಕೈ ಹಾಕಿದರು. "ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬ್ಯಾಡ್ರಿ, ಸಣ್ಣವನೂ ಮನಸಿಟ್ಟರ ಮಾಡ್ತಾನ ಅಂತ ಅದರಾಗ ಬರದಾನ. ಸಣ್ಣ ಬ್ಯಾಟ್ರಿಗೂ ಅದೇ ಮಾತು." ಧರ್ಮಕ್ಕಾಗಿ ಬರೆಸಿದ್ದನ್ನು ಮೌರ್ಯ ಚಕ್ರವರ್ತಿ ಬೈಕಿನ ಬ್ಯಾಟರಿಗೆ ಕೊಟ್ಟ ಶಿಫಾರಸು ಪತ್ರ ಮಾಡಿಬಿಟ್ಟರಲ್ಲ ಎಂದು ನಗು ಬಂತು.

ಕಾಗದದ ಲೆಕ್ಕ ಸರಿಯೇ. ಗೋಡೆಯ ಲೆಕ್ಕದಲ್ಲಿ ಇಲ್ಲದ್ದು ವೋಲ್ಟು. ಕೊಡದಲ್ಲಿ ನೀರು ಎಷ್ಟಿದೆ ಎಂಬುದಲ್ಲ ಇಲ್ಲಿಯ ವಿಚಾರ. ಬೈಕಿನ ಬ್ಯಾಟರಿಯಿಂದ 100 ಆಂಪಿಯರ್ ಎಳೆದರೆ ಅದರ 12 ವೋಲ್ಟು 8–9ಕ್ಕೆ ಕುಸಿಯುತ್ತದೆ. ಸ್ಟಾರ್ಟರ್ ಗೊಣಗುತ್ತದೆ, ಪ್ಲಗ್ಗಿನ ಕಿಡಿ ಮಂಕಾಗುತ್ತದೆ. ಬಿಸಿಯಾದ, ಟ್ಯೂನಿಂಗ್ ಸರಿಯಿರುವ ಎಂಜಿನ್ ಮೊದಲ ಸುತ್ತಿಗೇ ಎದ್ದುಬಿಟ್ಟೀತು. ಹೊಸದಾಗಿ ಜೋಡಿಸಿದ, ಕಾರ್ಬೊರೇಟರಿಗೆ ಇನ್ನೂ ಪೆಟ್ರೋಲೇ ಏರದ ಎಂಜಿನ್ ಅಷ್ಟು ಸೌಜನ್ಯದ್ದಲ್ಲ. ಹತ್ತು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಮೋಟಾರ್ ತಣ್ಣಗಾಗಲು ಬಿಟ್ಟು, ಮತ್ತೆ ತಿರುಗಿಸಬೇಕು. ಬೈಕಿನದು ನಾಲ್ಕನೇ ಸಲಕ್ಕೆ "ಟಕ್ ಟಕ್" ಎಂದು ಕೈ ಮುಗಿಯುತ್ತದೆ.

ಹಾಗಾದರೆ ಸಿಸಿಎ ನೋಡಬೇಕು ಎಂದ ಹುಡುಗ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಅದನ್ನು ಅಳೆಯುವುದು ಹೇಗೆಂದರೆ, ಬ್ಯಾಟರಿಯನ್ನು ಮೈನಸ್ 18 ಡಿಗ್ರಿಗೆ ತಣ್ಣಗೆ ಮಾಡಿ, 30 ಸೆಕೆಂಡ್ ಸತತ ಎಳೆದು, 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಟ್ಟಿತು ಎಂದು ನೋಡುತ್ತಾರೆ. ಮೈನಸ್ 18! ಮಸ್ಕಿಯಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಕೂತರೂ ಅಷ್ಟು ಚಳಿ ಸಿಗಲಿಕ್ಕಿಲ್ಲ. ನಮ್ಮಲ್ಲಿ ಆ ಸಂಖ್ಯೆಯ ಉಪಯೋಗ ಒಂದು ಬ್ಯಾಟರಿಯನ್ನು ಇನ್ನೊಂದರ ಪಕ್ಕ ಇಟ್ಟು ತೂಗಲು, ಅಷ್ಟೇ. ನಮ್ಮ ಶತ್ರು ಏಪ್ರಿಲ್–ಮೇ. ನೆರಳಲ್ಲೇ 42–43 ಡಿಗ್ರಿ. ಬಾನೆಟ್ಟಿನ ಒಳಗೆ, ಸೈಲೆನ್ಸರ್ ಪೈಪಿನ ಮಗ್ಗುಲಲ್ಲಿ ಎಷ್ಟಿರಬಹುದು ನೀವೇ ಅಂದಾಜು ಮಾಡಿ. ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಬರುತ್ತದೆ ಎಂಬುದು ಈ ಕಸುಬಿನ ಹಳೇ ಲೆಕ್ಕ. ಬೆಚ್ಚಗಿನ ಊರಲ್ಲಿ ಸೆಲ್ಫ್ ಸಲೀಸಾಗಿ ಎತ್ತುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ. ಚಳಿ ದೇಶದಲ್ಲಿ ಎತ್ತಲು ಒದ್ದಾಡುತ್ತದೆ, ಬದುಕುತ್ತದೆ ಬಹಳ ದಿನ. ಬಿಸಿಲಿನ ಸೀಮೆಗೆ ಆಸಿಡ್ಡಿನ ಗ್ರಾವಿಟಿಯನ್ನೂ ಸ್ವಲ್ಪ ಇಳಿಸಿ, 1240–1250ರ ಆಸುಪಾಸಿಗೆ ತುಂಬುವುದು ಇದೇ ಕಾರಣಕ್ಕೆ.

ಮಾತು ಮಾತಲ್ಲೇ ಉಳಿಯಬಾರದೆಂದು ಸಿಂಧನೂರಿನ ಬ್ಯಾಟರಿ ಅಂಗಡಿಗೆ ಹೋದೆವು. ಭತ್ತದ ಕೊಯ್ಲಿನ ಕಾಲ. ಎಡದಂಡೆ ಕಾಲುವೆಯ ಕೆಳಗೆ ಹೊಲ ಹೊಲದಲ್ಲಿ ಮಷಿನ್ನುಗಳು ಓಡುತ್ತಿದ್ದವು. ಅಂಗಡಿಯ ಮುಂದೆ ಟ್ರ್ಯಾಕ್ಟರ್, ಟಾಟಾ ಏಸ್, ಆಟೊ ಎಲ್ಲದರ ಬ್ಯಾಟರಿಗಳು ಸಾಲಾಗಿ ಕೂತು ಚಾರ್ಜ್ ಕುಡಿಯುತ್ತಿದ್ದವು. ಕೆಲವದರ ಟರ್ಮಿನಲ್ ಮೇಲೆ ಹಸಿರು-ಬಿಳಿ ಬೂಷ್ಟು. ಅಂಗಡಿಯ ಹುಡುಗ ಬಿಸಿನೀರು ಹುಯ್ದ, ಅದು ಬುಸುಗುಟ್ಟಿ ಕರಗಿಹೋಯಿತು; ಬಟ್ಟೆಯಲ್ಲಿ ಒರೆಸಿ ಬೆರಳಲ್ಲಿ ವ್ಯಾಸಲೀನ್ ಸವರಿದ. ಮುಂದೆ ಒಂದು ಹಳೇ ಬ್ಯಾಟರಿಗೆ ಲೋಡ್ ಟೆಸ್ಟರಿನ ಎರಡು ಕೊಂಬು ಒತ್ತಿ ಹಿಡಿದ. ಒಳಗಿನ ಪಟ್ಟಿ ಕೆಂಪಗೆ ಕಾಯಿತು, ಮುಳ್ಳು 12ರಿಂದ ಜಾರುತ್ತ ಜಾರುತ್ತ 8 ದಾಟಿತು. "ಸೆಲ್ ಹೋಗ್ಯಾದ" ಎಂದು ಪಕ್ಕಕ್ಕಿಟ್ಟ. ಮೀಟರಿನಲ್ಲಿ ಅದೇ ಬ್ಯಾಟರಿ 12.5 ತೋರಿಸಿತ್ತು! ಸುಮ್ಮನೆ ಕೂತಾಗಿನ ವೋಲ್ಟೇಜನ್ನು ನಂಬಬೇಡಿ, ಭಾರ ಹೊರಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೊಂದನ್ನು ನೆನಪಿಟ್ಟರೆ ದುಡ್ಡು ಉಳಿಯುತ್ತದೆ.

ಅಂಗಡಿಯ ಯಜಮಾನರಿಗೆ ಹುಡುಗ ಕೈ ಅಗಲಿಸಿ "ಇಷ್ಟು ಸಣ್ಣದು" ಎಂದು ತೋರಿಸಿದ. ಅವರು ಎತ್ತಿಟ್ಟದ್ದು ಮಾರುತಿ 800, ಆಲ್ಟೊಗಳಿಗೆ ಹಾಕುವ ಅದೇ 35 ಆಂಪ್ ಅವರಿನ ಡಬ್ಬಿ. ಮೈಮೇಲೆ 38ಬಿ20ಎಲ್ ಎಂದಿತ್ತು. ಬೀಜಗಣಿತದಂತೆ ಕಂಡರೂ ಓದಲು ಸುಲಭ: 38 ಅನ್ನುವುದು ತಾಕತ್ತಿನ ದರ್ಜೆ, ಬಿ ಅಗಲ-ಎತ್ತರದ ಗುರುತು, 20 ಸೆಂಟಿಮೀಟರಿನಲ್ಲಿ ಉದ್ದ, ಕೊನೆಯ ಎಲ್ ಅಥವಾ ಆರ್ ಪ್ಲಸ್ಸು ಮೈನಸ್ಸು ಯಾವ ಬದಿಗೆ ಎಂಬುದು. ಈ ಕೊನೆಯ ಅಕ್ಷರ ತಪ್ಪಿದರೆ ಕೇಬಲ್ ಒಂದು ಗೇಣು ಮೋಟಾಗುತ್ತದೆ. ಅವಸರದಲ್ಲಿ ತಿರುಗಿಸಿ ಕೂಡಿಸಿದರೆ ಆಲ್ಟರ್ನೇಟರಿನ ಡಯೋಡು ಹೊಗೆಯಾಗುತ್ತದೆ.

"ಲಿಥಿಯಂ ಇಲ್ಲೇನ್ರಿ?" ಎಂದು ಕೇಳಿದ ಹುಡುಗ. ಲಿಥಿಯಂ ಐರನ್ ಫಾಸ್ಫೇಟಿನ ನಾಲ್ಕು ಸೆಲ್ ಸೇರಿದರೆ 12.8 ವೋಲ್ಟು, ತೂಕ ಸೀಸದ್ದರ ಮೂರನೇ ಒಂದು ಪಾಲು, ಕೊಡುವ ಬಲಕ್ಕೆ ಎದುರಿಲ್ಲ. ಹೊರದೇಶಗಳಲ್ಲಿ ಮನೆಯಲ್ಲೇ ಕಾರು ಕಟ್ಟುವವರು ಅದನ್ನೋ, ಮಗ್ಗುಲಿಗೆ ಮಲಗಿಸಿದರೂ ಆಸಿಡ್ ಚೆಲ್ಲದ ಏಳು ಕಿಲೋ ಸುತ್ತಿನ ಎಜಿಎಂ ಬ್ಯಾಟರಿಯನ್ನೋ ಹುಡುಕುತ್ತಾರೆ. ಬೆಲೆ ಹಲವು ಪಟ್ಟು ಎಂಬುದು ಒಂದು ತಕರಾರು. ದೊಡ್ಡ ತಕರಾರು ಹಳೇ ಆಲ್ಟರ್ನೇಟರಿನದು. ಅದರ ರೆಗ್ಯುಲೇಟರ್ ಕೆಟ್ಟು ಹದಿನೈದು–ಹದಿನಾರು ವೋಲ್ಟು ತುಂಬತೊಡಗಿದರೆ ಸೀಸದ ಬ್ಯಾಟರಿ ನೀರು ಕುದಿಸಿಕೊಂಡು, ವಾಸನೆ ಬಿಟ್ಟು, ಮುಂಚಿತವಾಗಿ ಹೇಳಿ ಸಾಯುತ್ತದೆ. ಲಿಥಿಯಂ ತನ್ನೊಳಗಿನ ಕಾವಲು ಸರ್ಕ್ಯೂಟಿನಿಂದ ಏಕಾಏಕಿ ಬಾಗಿಲು ಮುಚ್ಚಿಬಿಡುತ್ತದೆ. ಮುದಗಲ್ಲಿನ ದಾರಿಯಲ್ಲಿ ಹಾಗಾದರೆ ರಿಪೇರಿ ಯಾರು ಮಾಡಬೇಕು? ಸೀಸದ್ದಾದರೆ ಯಾವ ಹಳ್ಳಿಯ ಟ್ರ್ಯಾಕ್ಟರಿನವನಾದರೂ ಜಂಪ್ ಕೇಬಲ್ ಹಿಡಿದು ಬರುತ್ತಾನೆ. ಬ್ಯಾಟರಿಯೇ ಬಂಡಿಯಾದ ಕಾರನ್ನೂ ನಮ್ಮ ನಾಡು ಕಂಡಿದೆ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಎಂಟು ಸೀಸದ ಬ್ಯಾಟರಿಗಳ 48 ವೋಲ್ಟಿನ ಮೇಲೆ ಓಡುತ್ತಿತ್ತು. ಅಲ್ಲಿ ಬ್ಯಾಟರಿ ಆರಿಸುವುದೆಂದರೆ ಕಾರನ್ನೇ ಆರಿಸಿದಂತೆ. ಇಲ್ಲಿ ಹಾಗಲ್ಲ, ಎಬ್ಬಿಸಿ ಸುಮ್ಮನಾಗುವ ಕೆಲಸ.

ಹಾಗಿದ್ದ ಮೇಲೆ 0.08 ಆಂಪ್ ಅವರಿನ ಕೆಲಸಕ್ಕೆ ಕಂಪನಿಯವರು 35 ಯಾಕೆ ಕೊಟ್ಟರು? ನನಗೆ ಅನ್ನಿಸುವುದು ಇಷ್ಟು. ಸ್ಟಾರ್ಟರಿಗೆ ಬೇಕಾದದ್ದು ಆಂಪಿಯರ್, ಆಂಪ್ ಅವರ್ ಬೇಕಾದದ್ದು ಮನುಷ್ಯನಿಗೆ. ನಮ್ಮ ಮರೆವಿಗೆ, ನಮ್ಮ ಸೋಮಾರಿತನಕ್ಕೆ, ನಮ್ಮ ಚಟಕ್ಕೆ. ಹೆಡ್‌ಲೈಟ್ ಎರಡೂ ಉರಿದರೆ ಗಂಟೆಗೆ ಸುಮಾರು ಹತ್ತು ಆಂಪ್ ಅವರ್ ಹೋಗುತ್ತದೆ. ದೀಪ ಆರಿಸಲು ಮರೆತು ಜಾತ್ರೆಯಲ್ಲಿ ತೇರು ನೋಡಲು ನಿಂತರೆ 9ರ ಬ್ಯಾಟರಿ ಒಂದು ತಾಸೂ ತಾಳುವುದಿಲ್ಲ. 35ರದ್ದು ಮಂಗಳಾರತಿ ಮುಗಿಯುವವರೆಗಾದರೂ ಉಸಿರು ಹಿಡಿದಿರುತ್ತದೆ. ಮನೆಯಲ್ಲಿ ಕಟ್ಟಿದ ಕಾರಿನ ಇನ್ನೊಂದು ಗುಣ, ಓಡುವುದಕ್ಕಿಂತ ನಿಲ್ಲುವುದು ಹೆಚ್ಚು. ನಿಂತಲ್ಲೇ ಸೀಸದ ಬ್ಯಾಟರಿ ತಿಂಗಳಿಗೆ ನೂರಕ್ಕೆ ನಾಲ್ಕೈದು ಪಾಲು ತಾನೇ ಸೋರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಸಣ್ಣದರಲ್ಲಿ ಸೋರಲು ಇರುವುದೇ ಕಡಿಮೆ. ಅರ್ಧ ಖಾಲಿಯಾಗಿ ಬಿದ್ದರೆ ಪ್ಲೇಟಿನ ಮೇಲೆ ಸಲ್ಫೇಟು ಕಟ್ಟಿ ಗಟ್ಟಿಯಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಜೀವ ಬರುವುದಿಲ್ಲ. ಓಟದ ಸ್ಪರ್ಧೆಯವರಿಗೆ ಏಳು ಕಿಲೋ ದೊಡ್ಡದು. ಅವರ ಹಿಂದೆ ಚಾರ್ಜರ್ ಹಿಡಿದ ತಂಡ ಇರುತ್ತದೆ. ನಮ್ಮ ಹುಡುಗನ ಹಿಂದೆ ಇರುವುದು ಮಿರ್ಚಿ ಬಜ್ಜಿಯ ಬಂಡಿ. ಅಲ್ಲಿ ಕೈ ಬಿಗಿಹಿಡಿದರೆ ಏಳು ಕಿಲೋ ಧಾರಾಳವಾಗಿ ಉಳಿಯುತ್ತದೆ ಎಂದು ಹೇಳಿಯೂ ಹೇಳಿದೆ.

ವಾದ ಗೆದ್ದದ್ದು ನಾನಲ್ಲ, ಅವನ ತಮ್ಮ. ಕಾಲೇಜಿಗೆ ಹೋಗುವ ಆ ಹುಡುಗ ಅಂಗಡಿಯಲ್ಲಿ ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದವನು ತಲೆ ಎತ್ತಿ, "ಅಣ್ಣಾ, ಟೇಪ್ ಹಚ್ಚಸ್ತೀ ಹೌದಿಲ್ಲೋ? ಗಾಡಿ ನಿಂತಾಗ ಹಾಡ ಕೇಳಾಕ ಬರ್ತದ?" ಎಂದ. ಅಣ್ಣ ಅವನ ಮುಖವನ್ನೊಮ್ಮೆ, 9 ಆಂಪ್ ಅವರಿನ ಡಬ್ಬಿಯನ್ನೊಮ್ಮೆ ನೋಡಿ, ಯಜಮಾನರಿಗೆ "35ರದ್ದ ಕೊಡ್ರಿ" ಎಂದ. ಹದಿನೆಂಟು ತಿಂಗಳು ಪೂರಾ, ಮತ್ತೆ ಹದಿನೆಂಟು ತಿಂಗಳು ಸವಕಳಿ ಲೆಕ್ಕದ ವಾರಂಟಿ. ಹಳೇ ಬ್ಯಾಟರಿ ಕೊಟ್ಟರೆ ಕಡಿತ ಎಂದರು; ಮಾವನ ಟ್ರ್ಯಾಕ್ಟರಿನ ಸತ್ತ ಬ್ಯಾಟರಿ ಆ ಹೊತ್ತಿಗೆ ಉಪಯೋಗಕ್ಕೆ ಬಂತು.

ಕೂಡಿಸುವಾಗ ಓಣಿಯವರು ಸುಮ್ಮನಿದ್ದಾರೆಯೇ? ಈ ಸಲ ಹುಡುಗ ಯಾರ ಮಾತಿಗೂ ಬಗ್ಗಲಿಲ್ಲ. ಎಂಜಿನ್ನಿನ ಬಿಸಿಯಿಂದ ದೂರ, ಸೀಟಿನ ಹಿಂದೆ ಪೆಟ್ಟಿಗೆ ಮಾಡಿ ಇಟ್ಟ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಅದಕ್ಕೆ ಪೆಟ್ಟಿಗೆಗೆ ಗಾಳಿ ಕಿಂಡಿ. ಬ್ಯಾಟರಿ ದೂರ ಹೋದಷ್ಟೂ ಕೇಬಲ್ ದಪ್ಪ ಬೇಕು: ಹೋಗಿ ಬರುವ ನಾಲ್ಕು ಮೀಟರಿಗೆ 16 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ 150 ಆಂಪಿಯರ್ ಹರಿಯುವಾಗ ಮುಕ್ಕಾಲು ವೋಲ್ಟಿನ ಹತ್ತಿರ ದಾರಿಯಲ್ಲೇ ಕರಗುತ್ತದೆ; 35 ಚದರ ಮಿಲಿಮೀಟರಿನದು ಹಾಕಿದರೆ ಅದರ ಅರ್ಧಕ್ಕೂ ಕಡಿಮೆ. ಟ್ಯೂಬಿನ ಪಟ್ಟಿ ಕಟ್ಟು ಎಂದ ಮಾವನ ಮಾತು ಕೇಳದೆ ಕಬ್ಬಿಣದ ಕ್ಲಾಂಪ್ ಬಿಗಿದ. ಬಿಚ್ಚುವಾಗ ಮೊದಲು ಮೈನಸ್ಸು, ಹಾಕುವಾಗ ಕೊನೆಗೆ ಮೈನಸ್ಸು ಎಂದು ತಮ್ಮನಿಗೆ ಬಾಯಿಪಾಠ ಮಾಡಿಸಿದ; ಪಾನಾ ಪ್ಲಸ್ಸಿಗೂ ಚಾಸಿಗೂ ಒಟ್ಟಿಗೆ ತಾಗಿದರೆ ಏನಾಗುತ್ತದೆಂದು ಒಮ್ಮೆ ನೋಡಿದವರು ಮರೆಯುವುದಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಇಡೀ ಕರೆಂಟು ಕಡಿಯಲು ಒಂದು ಕಟ್‌ಆಫ್ ಸ್ವಿಚ್ಚನ್ನೂ ಇಟ್ಟ. ಬ್ಯಾಟರಿಯ ಬೆಲೆಯ ಮುಂದೆ ಅದರದು ಲೆಕ್ಕಕ್ಕಿಲ್ಲ, ಸೋರಿಕೆ ತಡೆಯಲು ಅದರಷ್ಟು ಉಪಕಾರಿ ಇನ್ನೊಂದಿಲ್ಲ.

ಕಾರು ಹೊಲದಲ್ಲಿ, ಕಣದಲ್ಲಿ ಓಡುತ್ತದೆ. ಹೆದ್ದಾರಿಗೆ ಏರಿಸುವಂತಿಲ್ಲ. ಮಾದರಿ ಪರೀಕ್ಷೆ ಪಾಸಾಗದ ಗಾಡಿಗೆ ನಂಬರ್ ಪ್ಲೇಟ್ ಇಲ್ಲ. ಪಂಪ್‌ಸೆಟ್ ಎಂಜಿನ್ ಹಚ್ಚಿ ಕಟ್ಟಿದ ಉತ್ತರ ಭಾರತದ ಜುಗಾಡ್ ಗಾಡಿಗಳೂ ಮೋಟಾರು ವಾಹನಗಳೇ, ಕಾಯಿದೆ ಅವಕ್ಕೂ ಅನ್ವಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹುಡುಗನಿಗೆ ಇದು ಮೊದಲೇ ಗೊತ್ತಿತ್ತು. ಓಣಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಸಲಹೆ ಕೊಟ್ಟ ಎಲ್ಲರಿಗೂ ಸ್ವಲ್ಪ ಬೇಜಾರಾಯಿತು.

ಇನ್ನು ಮುಂದೆ ಸಣ್ಣ ಬ್ಯಾಟರಿ ಯಾವುದು ತರಲಿ ಎಂದು ನನ್ನನ್ನು ಯಾರಾದರೂ ಕೇಳಿದರೆ ಎಂಜಿನ್ ಎಷ್ಟು ಸಿಸಿ ಎಂದು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು: ಕೀಲಿ ಯಾರ ಕೈಯಲ್ಲಿರುತ್ತದೆ, ಅವರು ರಾತ್ರಿ ಅಡುಗೆಮನೆಯ ಲೈಟು ಆರಿಸಿ ಮಲಗುತ್ತಾರೋ ಇಲ್ಲವೋ?